ಚಿಪ್ಪಿಗೆ ಅಕ್ಷರಾಭ್ಯಾಸ

ನಮ್ಮ ವಾಚಕರಲ್ಲೊಬ್ಬರಾದ ಗೃಹಸ್ಥರು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗಳು ಡಿಪ್ಲೊಮಾ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಮನೆಯ ಮೇಲಣ ಟ್ಯಾಂಕು ತುಂಬಿ ನೀರು ಬೀದಿಯ ಪಾಲಾಗುವುದನ್ನು ದಿನವೂ ಕಂಡು ಬೇಸತ್ತು, ನೀರು ಅಂಚಿಗೆ ಬಂದೊಡನೆ ಕೂಗಿ ಎಚ್ಚರಿಸುವ ಒಂದು ಉಪಕರಣವನ್ನು ಕೈಯಾರೆ ಕಟ್ಟಬೇಕೆಂದು ಅವಳಿಗೆ ಹಂಬಲ ಹುಟ್ಟಿದೆ. ಅದಕ್ಕೆ ಮೈಕ್ರೋಕಂಟ್ರೋಲರು ಎಂಬ ಚಿಪ್ಪು ಬೇಕು. ಆ ಚಿಪ್ಪಿಗೆ ಕೆಲಸ ಕಲಿಸಲು ಪ್ರೋಗ್ರಾಮರು ಎಂಬ ಇನ್ನೊಂದು ಉಪಕರಣ ಬೇಕು. ತಂದೆಯೂ ಮಗಳೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಒಂದು ಅಂಗಡಿಯವರು ಸಕಲ ಚಿಪ್ಪುಗಳಿಗೂ ಸಲ್ಲುವುದೆಂದು ಹಲವು ಸಾವಿರ ರೂಪಾಯಿಗಳದೊಂದನ್ನು ತೋರಿಸಿದರಂತೆ. ಎರಡು ಅಂಗಡಿಗಳಾಚೆ ಇನ್ನೊಬ್ಬರು ೩೦೦ ರೂಪಾಯಿಗಳೊಳಗಿನದನ್ನು ತೋರಿಸಿದರಂತೆ. “ನನ್ನ ಸೇವೆ ಮುಗಿಯಲು ಇನ್ನೆರಡು ವರ್ಷಗಳಿವೆ. ದೊಡ್ಡದನ್ನು ಕೊಂಡರೆ ಮನೆಯವರಿಗೆ ಏನು ಉತ್ತರ ಹೇಳಲಿ? ಚಿಕ್ಕದನ್ನು ಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದೋ ಏನೋ. ಈ ಗೊಡವೆಯೇ ಬೇಡವೆಂದು ಮಗಳಿಗೆ ಹೇಳಿಬಿಡಲೆ?” ಎಂದು ಪತ್ರವು ಮುಗಿಯುವುದು.

ಈ ಕೊನೆಯ ಪ್ರಶ್ನೆಯೇ ನಮ್ಮ ಕೈಗೆ ಲೇಖನಿಯನ್ನು ಕೊಟ್ಟಿತು. ಹೋದ ೩೦೦ ರೂಪಾಯಿ ಬರುವ ತಿಂಗಳ ಸಂಬಳದಲ್ಲಿ ತುಂಬಿಕೊಳ್ಳುವುದು. ಆದರೆ ಆ ವಯಸ್ಸಿನಲ್ಲಿ ತಾನಾಗಿ ಹುಟ್ಟಿದ ಕುತೂಹಲವನ್ನು ತಣ್ಣೀರೆರಚಿ ಆರಿಸಿದಲ್ಲಿ ಅದು ಮತ್ತೆ ಹೊತ್ತಿಕೊಳ್ಳುವುದೆಂಬ ಭರವಸೆಯನ್ನು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರ ನಡುವೆ ಕಾಲ ಕಳೆದ ನಾವು ಯಾರಿಗೂ ಕೊಡಲಾರೆವು. ಸಂಸ್ಕೃತದ ಮೇಷ್ಟರಿಗೆ ಈ ವಿಷಯದಲ್ಲೇನು ಅಧಿಕಾರವೆಂದು ಕೆಲವರು ಕೇಳಿಯಾರು. ನಿವೃತ್ತರಾದಂದಿನಿಂದ ನಮ್ಮ ಮನೆಯ ಜಗಲಿಯು ಬೀದಿಯ ಹುಡುಗಹುಡುಗಿಯರ ಕಮ್ಮಟವಾಗಿದೆ. ಅವರ ಬೆಸುಗೆಯ ಹೊಗೆಯಲ್ಲಿ ಅರ್ಧಪಾಲನ್ನು ನಾವೇ ಕುಡಿದಿರುವೆವು. ಅಲ್ಲದೆ, ಒಂದಕ್ಷರ ಹೆಚ್ಚಿದರೂ ಸಹಿಸದ ಸೂತ್ರಗಳನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ಈ ಚಿಪ್ಪುಗಳ ಸ್ವಭಾವವು ಅಷ್ಟೇನೂ ಅಪರಿಚಿತವೆನಿಸದು.

ಮೊದಲು ಶಬ್ದಾರ್ಥವನ್ನು ನೋಡೋಣ. ಮೈಕ್ರೋಕಂಟ್ರೋಲರೆಂದರೆ ಗಣಿತ ಮಾಡುವ ಅಂಗ, ನೆನಪಿನ ಕೋಶ, ಹೊರಗಿನ ತಂತಿಗಳಿಂದ ಸುದ್ದಿ ತಿಳಿದು ಹೊರಗಿನ ತಂತಿಗಳಿಗೆ ಆಜ್ಞೆ ಕೊಡುವ ಕಾಲುಗಳು, ಈ ಮೂರನ್ನೂ ಒಂದೇ ಕವಚದೊಳಗೆ ಅಡಗಿಸಿಕೊಂಡ ಸಣ್ಣ ವಸ್ತು. ಬಟ್ಟೆ ಒಗೆಯುವ ಯಂತ್ರದಲ್ಲಿಯೂ ಮಕ್ಕಳ ಆಟಿಕೆಯಲ್ಲಿಯೂ ಇರುವುದು ಇದೇ. ಅಂಗಡಿಯಿಂದ ಬರುವಾಗ ಅದು ಏನೂ ಅರಿಯದ ಶಿಶು. ಅದು ಮಾಡತಕ್ಕ ಕೆಲಸವನ್ನು ನಾವು ಕಂಪ್ಯೂಟರಿನಲ್ಲಿ ಬರೆಯುವೆವು. ಬರೆದುದಕ್ಕೆ ಪ್ರೋಗ್ರಾಮೆಂದು ಹೆಸರು. ಅದನ್ನು ಚಿಪ್ಪಿನ ನೆನಪಿನೊಳಕ್ಕೆ ಇಳಿಸುವ ಉಪಕರಣವೇ ಪ್ರೋಗ್ರಾಮರು. ಪ್ರೋಗ್ರಾಮು ಬರೆಯುವ ಮನುಷ್ಯನಿಗೂ ಇಂಗ್ಲಿಷಿನಲ್ಲಿ ಇದೇ ಹೆಸರಿರುವುದರಿಂದ, ಅಗ್ಗದ ಪ್ರೋಗ್ರಾಮರು ಬೇಕೆಂದು ಹುಡುಗಿ ಹೇಳಿದಾಗ ತಂದೆ ಬೆಚ್ಚಿದ್ದರೆ ಅದು ಅವರ ತಪ್ಪಲ್ಲ. ಇಲ್ಲಿ ನಾವು ಹೇಳುತ್ತಿರುವುದು ಮನುಷ್ಯನನ್ನಲ್ಲ. ಬೆರಳುದ್ದದ ಒಂದು ಹಲಗೆಯನ್ನು. ಶಿಶುವಿನ ಕೈಹಿಡಿದು ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವ ಹಿರಿಯರ ಕೆಲಸವನ್ನು ಅದು ಮಾಡುವುದು.

ನಮ್ಮ ಹಿರಿಯರು ಬರೆಯುತ್ತಿದ್ದ ಸಾಧನಗಳು ಎರಡು ಬಗೆಯವು. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವು ಕೊರೆದಂತೆಯೇ ಉಳಿಯುವುದು. ತಪ್ಪಿದರೆ ಗರಿಯೇ ಹೋಯಿತು. ಕಡತವೆಂಬುದು ಹಾಗಲ್ಲ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. (ಈಗ ಕಛೇರಿಗಳಲ್ಲಿ ಕಡತವೆಂದರೆ ಅಲುಗದೆ ಬಿದ್ದಿರುವ ಕಾಗದದ ಕಟ್ಟು, ಶಬ್ದಗಳಿಗೂ ದುರ್ದಶೆ ಬರುವುದುಂಟು.) ಚಿಪ್ಪುಗಳಲ್ಲಿಯೂ ಇದೇ ಎರಡು ಜಾತಿ. ಒಂದೇ ಸಲ ಬರೆಯಬಲ್ಲ ತಾಳೆಗರಿಯ ಜಾತಿಯವು ಇಂದಿಗೂ ತಯಾರಾಗುತ್ತಿರುವುವು, ಬಹಳ ಅಗ್ಗವಾಗಿಯೂ ಸಿಕ್ಕುವುವು. ಆದರೆ ಕಲಿಯುವವರು ಅವುಗಳ ಗೊಡವೆಗೆ ಹೋಗಬಾರದು. ಕಲಿಯುವವರಿಗೆ ಬೇಕಾದುದು ಕಡತ.

ಆ ಕಡತವು ಸುಲಭವಾಗಿ ದೊರೆತುದಲ್ಲ. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಎಂಬವರು ನೇರಳಾತೀತ ಕಿರಣದಿಂದ ಅಳಿಸಿ ಮರಳಿ ಬರೆಯಬಹುದಾದ ನೆನಪಿನ ಕೋಶವನ್ನು ಕಂಡುಹಿಡಿದರು. ಅಂತಹ ಚಿಪ್ಪಿನ ಬೆನ್ನಿನ ಮೇಲೆ ಸ್ಫಟಿಕದ ಒಂದು ಕಿಟಕಿ ಇರುತ್ತಿತ್ತು. ಬರೆದುದರಲ್ಲಿ ಒಂದು ತಪ್ಪು ಕಂಡರೆ ಚಿಪ್ಪನ್ನು ಕಿತ್ತು, ಕಿರಣದ ಪೆಟ್ಟಿಗೆಯಲ್ಲಿಟ್ಟು, ಸುಮಾರು ೨೦ ನಿಮಿಷ ಕಾದು, ಮತ್ತೆ ಬರೆಯಬೇಕಾಗಿತ್ತು. ೧೯೯೩ರಲ್ಲಿ ಮೈಕ್ರೋಚಿಪ್ ಸಂಸ್ಥೆಯು ವಿದ್ಯುತ್ತಿನಿಂದಲೇ ಅಳಿಸಬಹುದಾದ ಪಿಕ್ ೧೬ಸಿ೮೪ ಎಂಬುದನ್ನು ಹೊರತಂದಿತು. ಅದೇ ವರ್ಷ ಅಟ್ಮೆಲ್ ಸಂಸ್ಥೆಯು ಫ್ಲಾಷ್ ಎಂಬ ಜಾತಿಯ ನೆನಪಿರುವ ಚಿಪ್ಪನ್ನು ತಂದಿತು. ಕಿಟಕಿಯೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಈ ಬದಲಾವಣೆಯಿಂದಲೇ ಪ್ರೋಗ್ರಾಮರಿನ ಬೆಲೆ ಇಳಿದು ಸಾಮಾನ್ಯ ಗೃಹಸ್ಥನ ಜೇಬಿಗೆ ಎಟುಕಿತು. ಇಂದು ನಾವು ಹೇಳಲಿರುವ ಚಿಪ್ಪುಗಳ ಫ್ಲಾಷ್ ನೆನಪನ್ನು ೧೦,೦೦೦ ಸಲ ಅಳಿಸಿ ಬರೆಯಬಹುದೆಂದು ತಯಾರಕರೇ ಹೇಳಿರುವರು. ದಿನಕ್ಕೆ ಹತ್ತು ಸಲ ತಪ್ಪಿದರೂ ಎರಡೂವರೆ ವರ್ಷಗಳಲ್ಲಿ ಅದು ಮುಗಿಯದು.

ಇನ್ನು ಪತ್ರದ ಪ್ರಶ್ನೆಗೆ ಬರೋಣ. ಯಾವ ಪ್ರೋಗ್ರಾಮರನ್ನು ಕೊಳ್ಳಬೇಕೆಂದು ಕೇಳುವ ಮೊದಲು ಯಾವ ಚಿಪ್ಪನ್ನು ಕೊಳ್ಳುವೆವೆಂದು ನಿಶ್ಚಯಿಸಬೇಕು. ಬೀಗವನ್ನು ನೋಡದೆ ಕೀಲಿಕೈಯನ್ನು ಕೊಳ್ಳುವವರುಂಟೆ? ಒಂದೊಂದು ವಂಶದ ಚಿಪ್ಪಿಗೂ ಬರವಣಿಗೆಯ ಸಂಪ್ರದಾಯ ಬೇರೆ. ಅನೇಕ ಮನೆಗಳಲ್ಲಿ ಪೆಟ್ಟಿಗೆಯೊಳಗೆ ಧೂಳು ಹಿಡಿದಿರುವ ಪ್ರೋಗ್ರಾಮರುಗಳು ಕೆಟ್ಟವಲ್ಲ. ಕೊಂಡ ಚಿಪ್ಪಿಗೆ ಅವು ಸಲ್ಲದಿದ್ದವು, ಅಷ್ಟೆ.

ಕೆಲವು ಚಿಪ್ಪುಗಳಿಗೆ ಪ್ರೋಗ್ರಾಮರೇ ಬೇಡವೆಂಬ ಸಂಗತಿಯನ್ನು ಅಂಗಡಿಯವರು ಹೇಳುವುದು ವಿರಳ. ರಾಸ್ಪ್‌ಬೆರಿ ಪೈ ಸಂಸ್ಥೆಯವರು ೨೦೨೧ರ ಜನವರಿಯಲ್ಲಿ ೪ ಡಾಲರು ಬೆಲೆಗೆ ಹೊರತಂದ ಪಿಕೊ ಎಂಬ ಬೋರ್ಡಿನ ಮೇಲೊಂದು ಗುಂಡಿ ಇರುವುದು. ಅದನ್ನೊತ್ತಿ ಹಿಡಿದು ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುವುದು, ಪ್ರೋಗ್ರಾಮನ್ನು ಅದರೊಳಕ್ಕೆ ನಕಲು ಮಾಡಿದರೆ ಮುಗಿಯಿತು. ಈ ಬರವಣಿಗೆಯ ವಿದ್ಯೆಯನ್ನು ಚಿಪ್ಪಿನ ಅಳಿಸಲಾಗದ ಭಾಗದಲ್ಲಿಯೇ ಇಟ್ಟಿರುವುದರಿಂದ ಮಕ್ಕಳು ಏನು ಮಾಡಿದರೂ ಅದು ಕೆಡದು. ವೈಫೈ ಇರುವ ಇ.ಎಸ್.ಪಿ. ೩೨ ಎಂಬ ಚಿಪ್ಪಿನ ಬೋರ್ಡುಗಳಿಗೂ ಯು.ಎಸ್.ಬಿ. ತಂತಿಯೊಂದೇ ಸಾಕು. ೨೦೦೫ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ಬೋರ್ಡುಗಳ ಚಿಪ್ಪಿನಲ್ಲಿ ಬೂಟ್‌ಲೋಡರೆಂಬ ಸಣ್ಣ ಪ್ರೋಗ್ರಾಮೊಂದು ಬಾಗಿಲ ಬಳಿ ಕುಳಿತಿರುವುದು. ವಿದ್ಯುತ್ತು ಬಂದೊಡನೆ, ಹೊಸ ಪಾಠವೇನಾದರೂ ಬಂದಿದೆಯೇ ಎಂದು ಕ್ಷಣಕಾಲ ಕಿವಿಗೊಟ್ಟು, ಬಂದಿದ್ದರೆ ಒಳಗೆ ಬರೆದುಕೊಂಡು, ಇಲ್ಲವಾದರೆ ಹಳೆಯ ಪಾಠವನ್ನು ನಡೆಸುವುದು. ಯೂನೊ ಬೋರ್ಡಿನಲ್ಲಿ ಈ ದ್ವಾರಪಾಲಕನು ಆಕ್ರಮಿಸುವ ಸ್ಥಳ ೫೧೨ ಬೈಟುಗಳು ಮಾತ್ರ; ಚಿಪ್ಪಿನ ಒಟ್ಟು ಫ್ಲಾಷ್ ನೆನಪು ೩೨ ಕಿಲೋಬೈಟುಗಳು. ಆದುದರಿಂದ ಟ್ಯಾಂಕಿನ ಒಂದೇ ಒಂದು ಉಪಕರಣವನ್ನು ಕಟ್ಟಿ ಅಲ್ಲಿಗೇ ನಿಲ್ಲಿಸುವುದಾದರೆ ಪ್ರೋಗ್ರಾಮರನ್ನು ಕೊಳ್ಳಲೇಬೇಡಿರಿ. ಬರಿಯ ಗಂಟೆಯೊಂದೇ ಸಾಕೆಂದರೆ ಚಿಪ್ಪೂ ಬೇಡ. ತೇಲುಬುರುಡೆಯ ಸ್ವಿಚ್ಚು, ಬ್ಯಾಟರಿ, ಬಝರು ಇಷ್ಟರಲ್ಲಿಯೇ ಕೆಲಸ ತೀರುವುದು. ಆದರೆ ಹುಡುಗಿಗೆ ಬೇಕಾದುದು ನೀರಿನ ಸುದ್ದಿಗಿಂತ ಹೆಚ್ಚಿನದೆಂದು ಅವಳ ತಂದೆ ಬರೆದ ರೀತಿಯಿಂದಲೇ ನಮಗೆ ತೋರುವುದು.

ಹಾಗಾದರೆ ಪ್ರೋಗ್ರಾಮರು ಬೇಕಾಗುವುದು ಯಾವಾಗ? ಬೋರ್ಡನ್ನು ಬಿಟ್ಟು ಬಿಡಿ ಚಿಪ್ಪಿಗೆ ಇಳಿದಾಗ. ಎಟಿಟೈನಿ ೮೫ ಎಂಬುದನ್ನು ತೆಗೆದುಕೊಳ್ಳಿರಿ. ಎಂಟೇ ಕಾಲುಗಳು, ಕಡಲೆಕಾಯಿಯ ಬೀಜದಷ್ಟು ಗಾತ್ರ, ೮ ಕಿಲೋಬೈಟಿನ ನೆನಪು. ಟ್ಯಾಂಕಿನ ಗಂಟೆಗೂ ತುಳಸಿಕಟ್ಟೆಯ ದೀಪಕ್ಕೂ ಇದು ಧಾರಾಳವಾಗಿ ಸಾಕು. ಸರಿಯಾಗಿ ನಿದ್ರೆ ಮಾಡಿಸಿದರೆ ಸಣ್ಣ ಬ್ಯಾಟರಿಯ ಮೇಲೆ ಬಹುಕಾಲ ಬದುಕುವುದು. ಆದರೆ ಅಂಗಡಿಯಿಂದ ಬಂದ ಬಿಡಿ ಚಿಪ್ಪಿನಲ್ಲಿ ದ್ವಾರಪಾಲಕನಿಲ್ಲ. ಯೂನೊ ಬೋರ್ಡಿನ ಎಟಿಮೆಗಾ ೩೨೮ಪಿ ಚಿಪ್ಪನ್ನು ಬಿಡಿಯಾಗಿ ಕೊಂಡರೂ ಹಾಗೆಯೇ. ಬೂಟ್‌ಲೋಡರು ಅಳಿಸಿಹೋದಾಗಲೂ, ಚಿಪ್ಪಿನ ಮೂಲ ಏರ್ಪಾಡುಗಳನ್ನು ಬದಲಿಸಬೇಕಾದಾಗಲೂ ಪ್ರೋಗ್ರಾಮರಿಲ್ಲದೆ ಗತಿಯಿಲ್ಲ. ಈ ಚಿಪ್ಪುಗಳ ವಂಶಕ್ಕೆ ಎ.ವಿ.ಆರ್. ಎಂದು ಹೆಸರು, ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ಓದುತ್ತಿದ್ದ ಆಲ್ಫ್ ಎಗಿಲ್ ಬೋಗನ್, ವೆಗಾರ್ಡ್ ವೊಲ್ಲನ್ ಎಂಬ ಇಬ್ಬರು ವಿದ್ಯಾರ್ಥಿಗಳ ಕಲ್ಪನೆ ಇದು. ಅಟ್ಮೆಲ್ ಸಂಸ್ಥೆಯು ಅದನ್ನು ತಯಾರಿಸಿತು. ೨೦೧೬ರಲ್ಲಿ ಅಟ್ಮೆಲ್ಲನ್ನು ಮೈಕ್ರೋಚಿಪ್ ಕೊಂಡಿತು. ಎ.ವಿ.ಆರ್. ವಂಶಕ್ಕೆ ಅಗ್ಗದ ಪ್ರೋಗ್ರಾಮರು ಯಾವುದೆಂಬುದನ್ನೇ ಈ ಲೇಖನದಲ್ಲಿ ವಿಸ್ತರಿಸುವೆವು, ಏಕೆಂದರೆ ಪುಸ್ತಕಗಳೂ ಸಹಪಾಠಿಗಳ ನೆರವೂ ಈ ವಂಶಕ್ಕೆ ಹೇರಳವಾಗಿರುವುವು.

ಎಲ್ಲಕ್ಕಿಂತ ಅಗ್ಗದ್ದು ಈಗಾಗಲೇ ಮನೆಯಲ್ಲಿರಬಹುದಾದ ಯೂನೊ ಬೋರ್ಡು. ಆರ್ಡುಯಿನೊ ಸಾಫ್ಟ್‌ವೇರಿನ ಉದಾಹರಣೆಗಳಲ್ಲಿಯೇ ಆರ್ಡುಯಿನೊ ಐ.ಎಸ್.ಪಿ. ಎಂಬ ಪ್ರೋಗ್ರಾಮೊಂದಿದೆ, ಅದನ್ನು ಯೂನೊವಿಗೆ ತುಂಬಿದರೆ ಬೋರ್ಡು ತಾನೇ ಪ್ರೋಗ್ರಾಮರಾಗುವುದು. ಅದರ ೧೩, ೧೨, ೧೧, ೧೦ನೆಯ ಕಾಲುಗಳಿಂದ ಎಟಿಟೈನಿ ೮೫ರ ೭, ೬, ೫, ೧ನೆಯ ಕಾಲುಗಳಿಗೆ ಕ್ರಮವಾಗಿ ನಾಲ್ಕು ತಂತಿಗಳು; ೫ ವೋಲ್ಟು ೮ನೆಯದಕ್ಕೆ, ಗ್ರೌಂಡು ೪ನೆಯದಕ್ಕೆ. ಇದರಲ್ಲೊಂದು ಸೂಕ್ಷ್ಮವಿದೆ. ಕಂಪ್ಯೂಟರು ಮಾತನಾಡಿಸಿದೊಡನೆ ಯೂನೊ ತಾನೇ ಮರುಹುಟ್ಟು ಪಡೆಯುವ ಅಭ್ಯಾಸವುಳ್ಳದ್ದು. ಮರುಹುಟ್ಟಿನ ಆ ಗಳಿಗೆಯಲ್ಲಿ ಅದರ ದ್ವಾರಪಾಲಕನು ಎದ್ದು, ಬೇರೆಯವರಿಗೆ ಹೇಳಿದ ಪಾಠವನ್ನು ತಾನು ಕೇಳತೊಡಗುವನು. ಅದನ್ನು ತಡೆಯಲು ಯೂನೊವಿನ ರಿಸೆಟ್ ಕಾಲಿಗೂ ಗ್ರೌಂಡಿಗೂ ನಡುವೆ ೧೦ ಮೈಕ್ರೋಫ್ಯಾರಡಿನ ಕೆಪಾಸಿಟರೊಂದನ್ನು, ಧನತುದಿಯು ರಿಸೆಟ್ಟಿನ ಕಡೆಗಿರುವಂತೆ, ಸಿಕ್ಕಿಸಬೇಕು. ಆದರೆ ಮೊದಲ ಪ್ರೋಗ್ರಾಮನ್ನು ಯೂನೊವಿಗೇ ತುಂಬುವಾಗ ಈ ಕೆಪಾಸಿಟರು ಇರಕೂಡದು, ಆಮೇಲೆ ಹಾಕಬೇಕು. ಕೆಲವೇ ರೂಪಾಯಿಗಳ ಈ ವಸ್ತುವನ್ನು ಮರೆತು ಇಡೀ ಭಾನುವಾರವನ್ನು ಕಳೆದುಕೊಂಡ ಹುಡುಗರು ನಮ್ಮ ಜಗಲಿಯಲ್ಲಿಯೇ ಮೂವರಿರುವರು. ಇಲ್ಲಿ ಹೇಳಿದುದು ಯೂನೊ ಆರ್‌೩ ಹಾಗೂ ಅದರ ಅನುಕರಣಗಳಿಗೆ. ೨೦೨೩ರಲ್ಲಿ ಬಂದ ಆರ್‌೪ರ ಚಿಪ್ಪೇ ಬೇರೆ ವಂಶದ್ದು.

ಎರಡನೆಯದು ಪತ್ರದಲ್ಲಿ ಹೇಳಿದ ೩೦೦ ರೂಪಾಯಿಗಳೊಳಗಿನ ಪ್ರೋಗ್ರಾಮರು. ವರ್ಣನೆಯಿಂದ ನೋಡಿದರೆ ಅದು ಯುಎಸ್‌ಬಿ-ಆಸ್ಪ್ ಎಂಬುದೇ ಇರಬೇಕು. ಜರ್ಮನಿಯ ಥಾಮಸ್ ಫಿಷ್ಲ್ ಎಂಬವರು ಇದನ್ನು ರಚಿಸಿ, ಇದರ ನಕ್ಷೆಯನ್ನೂ ಒಳಗಿನ ಪ್ರೋಗ್ರಾಮನ್ನೂ ಸರ್ವರಿಗೂ ಬಹಿರಂಗಪಡಿಸಿದರು. ಆದುದರಿಂದಲೇ ಯಾರು ಬೇಕಾದರೂ ತಯಾರಿಸಿ ಮಾರಬಹುದಾಗಿದೆ, ಬೆಲೆಯೂ ಇಳಿದಿದೆ. ಇದರ ಹೃದಯವು ಎಟಿಮೆಗಾ ೮ ಮೊದಲಾದ ಸಾಮಾನ್ಯ ಎ.ವಿ.ಆರ್. ಚಿಪ್ಪೇ, ಯು.ಎಸ್.ಬಿ. ಮಾತನಾಡುವ ವಿಶೇಷ ಅಂಗವು ಅದಕ್ಕಿಲ್ಲ, ಪ್ರೋಗ್ರಾಮಿನ ಚಮತ್ಕಾರದಿಂದಲೇ ಆ ಭಾಷೆಯನ್ನು ಆಡುವುದು. ಎ.ವಿ.ಆರ್. ಚಿಪ್ಪಿಗೆ ಬರೆಯಲು ಪ್ರೋಗ್ರಾಮರು ಬೇಕು, ಆ ಪ್ರೋಗ್ರಾಮರಿನಲ್ಲಿಯೇ ಎ.ವಿ.ಆರ್. ಚಿಪ್ಪಿದೆ, ಅದಕ್ಕೆ ಬರೆದವರಾರು? ನಮ್ಮ ಶಾಸ್ತ್ರಕಾರರು ಇಂತಹುದಕ್ಕೆ ಬೀಜವೃಕ್ಷನ್ಯಾಯವೆಂದರು. ಇಲ್ಲಿ ಆ ಗಂಟನ್ನು ಬಿಡಿಸುವುದು ಮೇಲೆ ಹೇಳಿದ ಯೂನೊ. ಮನೆಯಲ್ಲಿಯೇ ಬೆಸೆದ ಯುಎಸ್‌ಬಿ-ಆಸ್ಪಿಗೆ ಮೊದಲ ಪಾಠವನ್ನು ಅದರಿಂದ ಹೇಳಿಸಬಹುದು. ಇದೇ ಪ್ರೋಗ್ರಾಮರು ನಮ್ಮ ಕಾಲೇಜುಗಳ ಪಾಠಕ್ಕೆ ಬರುವ ೮೦೫೧ರ ವಂಶದಲ್ಲಿ ಎಟಿ೮೯ಎಸ್೫೨ ಎಂಬುದಕ್ಕೂ, ತಕ್ಕ ಸಾಫ್ಟ್‌ವೇರಿನೊಡನೆ, ಸಲ್ಲುವುದು. ಹೆಸರಿನ ನಡುವೆ ‘ಎಸ್’ ಇರುವುದನ್ನು ನೋಡಿಕೊಳ್ಳಬೇಕು; ‘ಸಿ’ ಇರುವ ಹಳೆಯ ಎಟಿ೮೯ಸಿ೫೧ಕ್ಕೆ ಹೀಗೆ ಆರು ತಂತಿಗಳಿಂದ ಬರೆಯಲಾಗದು.

ಅಗ್ಗದ ಈ ಪ್ರೋಗ್ರಾಮರಿನ ವಿಷಯದಲ್ಲಿ ಹುಡುಗರ ಎದೆಗುಂದಿಸುವ ಪ್ರಸಂಗವೊಂದು ಬಾರಿಬಾರಿಗೂ ನಡೆಯುವುದು. ಹೋದ ಬೇಸಿಗೆಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬನು ಹೊಸ ಚಿಪ್ಪನ್ನೂ ಹೊಸ ಯುಎಸ್‌ಬಿ-ಆಸ್ಪನ್ನೂ ತಂದು, ಅರ್ಧ ಗಂಟೆ ಹೆಣಗಿ, ಮುಖ ಸಣ್ಣ ಮಾಡಿಕೊಂಡು ಬಂದನು. “ಮೇಷ್ಟ್ರೆ, ಚಿಪ್ಪು ಸತ್ತೇ ಬಂದಿದೆ. ಎಷ್ಟು ಕರೆದರೂ ಉತ್ತರವಿಲ್ಲ.”

“ನಿಧಾನವಾಗಿ ಕರೆದೆಯೇನಪ್ಪ?” ಎಂದೆವು.

ಅವನಿಗೆ ತಮಾಷೆಯಾಗಿ ಕಂಡಿತು. ಆದರೆ ನಿಜವಾದ ಚಿಕಿತ್ಸೆ ಅದೇ. ಎಟಿಟೈನಿ ೮೫, ಎಟಿಮೆಗಾ ೩೨೮ಪಿ ಇವೆರಡೂ ಕಾರ್ಖಾನೆಯಿಂದ ಬರುವಾಗ ಸೆಕೆಂಡಿಗೆ ಹತ್ತು ಲಕ್ಷ ಮಿಡಿತಗಳಂತೆ, ಎಂದರೆ ೧ ಮೆಗಾಹರ್ಟ್ಸ್ ವೇಗದಲ್ಲಿ ನಡೆಯುವುವು. ಬರವಣಿಗೆಯ ಮಿಡಿತವು ಚಿಪ್ಪಿನ ಮಿಡಿತದ ನಾಲ್ಕನೆಯ ಒಂದು ಪಾಲಿಗಿಂತ ಕಡಮೆಯಿರಬೇಕೆಂಬುದು ನಿಯಮ. ಅದರಂತೆ ೨೫೦ ಕಿಲೋಹರ್ಟ್ಸಿನೊಳಗೆ ಇರಬೇಕು. ಯುಎಸ್‌ಬಿ-ಆಸ್ಪಿನ ಸಹಜ ವೇಗವಾದರೋ ೩೭೫ ಕಿಲೋಹರ್ಟ್ಸ್. ಗುರುವು ಗಡಿಬಿಡಿಯಿಂದ ಹೇಳಿದ ಪಾಠ ಶಿಶುವಿಗೆ ಹೇಗೆ ಹತ್ತೀತು? ಫಿಷ್ಲ್ ಅವರ ರಚನೆಯಲ್ಲಿ ಜೆ.ಪಿ.೩ ಎಂಬ ಜಂಪರಿನ ಸ್ಥಳವಿದೆ. ಅದನ್ನು ಕೂಡಿಸಿದರೆ ವೇಗವು ೮ ಕಿಲೋಹರ್ಟ್ಸಿಗೆ ಇಳಿಯುವುದು. ಅಗ್ಗದ ಹಲಗೆಗಳಲ್ಲಿ ಅನೇಕ ವೇಳೆ ಅಲ್ಲಿ ಎರಡು ತೂತುಗಳು ಮಾತ್ರ ಇರುವುವು. ತಂತಿಯ ತುಂಡೊಂದನ್ನು ಬೆಸೆದುಕೊಳ್ಳಬೇಕು. ಒಳಗಿನ ಪ್ರೋಗ್ರಾಮು ಹೊಸದಾಗಿದ್ದರೆ ಏವಿಆರ್‌ಡ್ಯೂಡ್ ಎಂಬ ಸಾಫ್ಟ್‌ವೇರಿನಲ್ಲಿಯೇ ವೇಗವನ್ನು ತಗ್ಗಿಸಬಹುದು. ಹಳೆಯದಾಗಿದ್ದರೆ, ಮಿಡಿತದ ಅವಧಿಯನ್ನು ನಿಗದಿಪಡಿಸಲಾಗಲಿಲ್ಲವೆಂದು ಎಚ್ಚರಿಕೆಯೊಂದು ಮೂಡುವುದು. ಅದಕ್ಕೆ ಹೆದರಬೇಕಾದುದಿಲ್ಲ, ಬರವಣಿಗೆಯು ಮುಂದುವರಿಯುವುದು. ಆ ಹುಡುಗನ ಚಿಪ್ಪು ಜಂಪರು ಹಾಕಿದ ಕೂಡಲೆ ಉತ್ತರ ಕೊಟ್ಟಿತು.

ಉತ್ತರವೆಂದೆವಲ್ಲ, ಅದೇನೆಂದರೆ: ಒಂದೊಂದು ಜಾತಿಯ ಚಿಪ್ಪಿಗೂ ಗೋತ್ರಪ್ರವರದಂತೆ ಮೂರು ಬೈಟುಗಳ ಗುರುತುಂಟು. ಎಟಿಮೆಗಾ ೩೨೮ಪಿ ಆದರೆ ‘೧ಇ ೯೫ ೦ಎಫ್’ ಎಂದು ಹೇಳಿಕೊಳ್ಳುವುದು. ‘ಪಿ’ ಇಲ್ಲದ ೩೨೮ ಆದರೆ ‘೧ಇ ೯೫ ೧೪’ ಎನ್ನುವುದು. ಮೈಕಟ್ಟು ಒಂದೇ, ಕೆಲಸವೂ ಹೆಚ್ಚುಕಡಮೆ ಒಂದೇ. ಆದರೂ ಒಂದರ ಹೆಸರು ಹೇಳಿ ಇನ್ನೊಂದಕ್ಕೆ ಬರೆಯಹೋದರೆ ಸಾಫ್ಟ್‌ವೇರು ತಡೆಯುವುದು. ಏನನ್ನಾದರೂ ಬರೆಯುವ ಮೊದಲು ಈ ಗುರುತನ್ನು ಓದಿ ನೋಡತಕ್ಕದ್ದು. ಗುರುತು ಸರಿಯಾಗಿ ಬಂದರೆ ತಂತಿಗಳೆಲ್ಲ ಸರಿಯಾಗಿವೆಯೆಂದೂ ತಿಳಿಯುವುದು. ಮೂರೂ ಸೊನ್ನೆಗಳಾಗಿಯೋ ಎಲ್ಲವೂ ‘ಎಫ್’ ಆಗಿಯೋ ಬಂದರೆ ಚಿಪ್ಪನ್ನು ದೂರದೆ ತಂತಿಗಳನ್ನು ಪರೀಕ್ಷಿಸಬೇಕು.

ಇನ್ನು ಫ್ಯೂಸುಗಳು. ಮನೆಯ ಮೀಟರಿನ ಬಳಿಯಿರುವ ಫ್ಯೂಸಿಗೂ ಇದಕ್ಕೂ ಸಂಬಂಧವಿಲ್ಲ. ಚಿಪ್ಪಿನ ಮಿಡಿತ ಎಲ್ಲಿಂದ ಬರಬೇಕು, ಯಾವ ಕಾಲು ಯಾವ ಕೆಲಸಕ್ಕೆ ಎಂಬ ಮೂಲ ಏರ್ಪಾಡುಗಳ ಗುಂಡಿಗಳಿವು. ಇವುಗಳಲ್ಲಿ ಸೊನ್ನೆಯೆಂದರೆ ‘ಹೌದು’, ಒಂದೆಂದರೆ ‘ಇಲ್ಲ’. ಲೋಕರೂಢಿಗೆ ವಿರುದ್ಧವಾದ ಈ ಸಂಕೇತದಿಂದಲೇ ಅನೇಕ ಚಿಪ್ಪುಗಳು ಬಾಯಿ ಕಟ್ಟಿಕೊಳ್ಳುವುವು. ಹೊರಗಣ ಸ್ಫಟಿಕದಿಂದ ಮಿಡಿತ ತೆಗೆದುಕೋ ಎಂದು ಆಜ್ಞಾಪಿಸಿ ಸ್ಫಟಿಕವನ್ನೇ ಜೋಡಿಸದಿದ್ದರೆ ಚಿಪ್ಪು ನಿಶ್ಚೇಷ್ಟಿತವಾಗುವುದು. ಇದು ಮೂರ್ಛೆ ಮಾತ್ರ, ಮಿಡಿತದ ಕಾಲಿಗೆ ಹೊರಗಿನಿಂದ ಮಿಡಿತವನ್ನು ಕೊಟ್ಟರೆ ಏಳುವುದು. ಇದಕ್ಕಿಂತ ಕಠಿಣವಾದುದೊಂದಿದೆ. ಎಟಿಟೈನಿ ೮೫ರ ಎಂಟು ಕಾಲುಗಳಲ್ಲಿ ಎರಡು ವಿದ್ಯುತ್ತಿಗೆ, ಒಂದು ರಿಸೆಟ್ಟಿಗೆ, ಉಳಿದುದು ಐದು. ಆರನೆಯ ಕಾಲೊಂದು ಸಿಕ್ಕಿದರೆ ಇನ್ನೊಂದು ದೀಪ ಹಚ್ಚಬಹುದಲ್ಲ ಎಂಬ ಆಸೆಯಿಂದ ರಿಸೆಟ್ಟನ್ನು ರದ್ದುಮಾಡುವ ಫ್ಯೂಸನ್ನು ಮುಟ್ಟಿದರೆ, ಅಂದಿನಿಂದ ಯುಎಸ್‌ಬಿ-ಆಸ್ಪಾಗಲಿ ಯೂನೊವಿನ ಆರು ತಂತಿಗಳಾಗಲಿ ಅದನ್ನು ಮಾತನಾಡಿಸಲಾರವು. ಏಕೆಂದರೆ ಬರವಣಿಗೆಯ ಬಾಗಿಲು ತೆರೆಯುವುದು ಆ ರಿಸೆಟ್ ಕಾಲಿನಿಂದಲೇ. ಆಗ ಆ ಕಾಲಿಗೆ ೧೨ ವೋಲ್ಟು ಕೊಟ್ಟು ಬೇರೊಂದು ಕ್ರಮದಿಂದ ಎಬ್ಬಿಸಬೇಕು. ಒಂದು ಯೂನೊ, ಒಂದು ಟ್ರಾನ್ಸಿಸ್ಟರು, ೧೨ ವೋಲ್ಟಿನ ಮೂಲ ಇವುಗಳಿಂದ ಆ ಚಿಕಿತ್ಸೆಯನ್ನೂ ಮನೆಯಲ್ಲಿ ಮಾಡುವವರಿರುವರು. ಮೊದಲ ಆರು ತಿಂಗಳು ಮಿಡಿತದ ಫ್ಯೂಸನ್ನುಳಿದು ಬೇರೊಂದನ್ನೂ ಮುಟ್ಟಬಾರದೆಂದು ನಾವು ನಮ್ಮ ಜಗಲಿಯಲ್ಲಿ ಶಾಸನ ಮಾಡಿರುವೆವು.

ಕೊಳ್ಳುವಾಗ ನೋಡಬೇಕಾದುದು ಇನ್ನೊಂದೆರಡು. ಯುಎಸ್‌ಬಿ-ಆಸ್ಪಿನ ತುದಿಯಲ್ಲಿ ೧೦ ಕಾಲುಗಳ ಕನೆಕ್ಟರು ಇರುವುದು, ಯೂನೊ ಮೊದಲಾದ ಬೋರ್ಡುಗಳಲ್ಲಿ ೬ ಕಾಲುಗಳದು. ಹತ್ತನ್ನು ಆರಕ್ಕೆ ತರುವ ಸಣ್ಣ ಅಡಾಪ್ಟರನ್ನು ಅದೇ ಅಂಗಡಿಯಲ್ಲಿಯೇ ಕೇಳಿ ತೆಗೆದುಕೊಳ್ಳಿರಿ, ಅದೊಂದಕ್ಕಾಗಿ ಮತ್ತೆ ಬಸ್ಸು ಹತ್ತುವಂತಾಗಬಾರದು. ಹಲಗೆಯ ಮೇಲೆ ೫ 'ವೋಲ್ಟು', ೩.೩ 'ವೋಲ್ಟು' ಎಂದು ಜಂಪರಿರುವುದನ್ನು ಪೂರ್ತಿಯಾಗಿ ನಂಬಬೇಡಿರಿ. ಅನೇಕ ಅಗ್ಗದ ಹಲಗೆಗಳಲ್ಲಿ ಅದು ಚಿಪ್ಪಿಗೆ ಹೋಗುವ ವಿದ್ಯುತ್ತನ್ನು ಮಾತ್ರ ತಗ್ಗಿಸುವುದು. ಬರವಣಿಗೆಯ ತಂತಿಗಳಲ್ಲಿ ೫ ವೋಲ್ಟೇ ಹರಿಯುತ್ತಿರುವುದು. ಅದೇ ತಂತಿಗಳಿಗೆ ಮೆಮೊರಿ ಕಾರ್ಡಿನಂತಹ ೩.೩ ವೋಲ್ಟಿನ ವಸ್ತುವೇನಾದರೂ ಸೇರಿದ್ದರೆ ಬರೆಯುವಾಗ ಅದನ್ನು ಕಳಚಿಡುವುದು ಕ್ಷೇಮ. ವಿಂಡೋಸ್ ಕಂಪ್ಯೂಟರಿನಲ್ಲಿ ಈ ಪ್ರೋಗ್ರಾಮರಿಗೆ ಡ್ರೈವರನ್ನು ಜಾಡಿಗ್ ಎಂಬ ಉಚಿತ ಸಾಧನದಿಂದ ಒಮ್ಮೆ ಹಾಕಿಕೊಂಡರೆ ಮುಗಿಯಿತು.

ಹಲವು ಸಾವಿರದ ಆ ದೊಡ್ಡ ಯಂತ್ರವು ಕೆಟ್ಟದ್ದೆಂದು ನಾವು ಹೇಳೆವು. ಹಿಡಿಕೆಯನ್ನೊತ್ತಿದರೆ ಚಿಪ್ಪನ್ನು ಕಚ್ಚಿಕೊಳ್ಳುವ ಸಾಕೆಟ್ಟು ಅದಕ್ಕಿದೆ; ಹಳೆಯ ಕಿಟಕಿಯ ಚಿಪ್ಪುಗಳನ್ನೂ ಕಂಪ್ಯೂಟರಿನ ಬಯಾಸ್ ಚಿಪ್ಪುಗಳನ್ನೂ ಓದಿ ಬರೆಯುವುದು. ರಿಪೇರಿಯ ಅಂಗಡಿಯಿಟ್ಟವರಿಗೆ ಅದು ಅನ್ನ. ಒಂದು ವಂಶದ ಎರಡು ಚಿಪ್ಪುಗಳನ್ನು ಕಲಿಯುವ ಹುಡುಗಿಗೆ ಊರಿನ ಎಲ್ಲ ಮನೆಗಳ ಕೀಲಿಕೈ ಗೊಂಚಲೇಕೆ?

ಬೆಲೆಗಿಂತಲೂ ನಾವು ಹೆಚ್ಚಾಗಿ ಲಕ್ಷ್ಯವಿಡುವ ಗುಣವೊಂದಿದೆ. ಅದೇ ಬಹಿರಂಗತೆ. ಪಿಕ್ ವಂಶದ ಉದಾಹರಣೆಯನ್ನು ನೋಡಿರಿ. ಮೈಕ್ರೋಚಿಪ್ ಸಂಸ್ಥೆಯು ಪಿಕಿಟ್ ೨ ಎಂಬ ಪ್ರೋಗ್ರಾಮರಿನ ನಕ್ಷೆಯನ್ನೂ ಒಳಗಿನ ಪ್ರೋಗ್ರಾಮನ್ನೂ ಪ್ರಕಟಿಸಿತ್ತು. ಆದುದರಿಂದ ಅದರ ಅನುಕರಣಗಳು ಇಂದಿಗೂ ಹಳೆಯ ಪಿಕ್ ಚಿಪ್ಪುಗಳಿಗೆ ಬರೆಯುತ್ತಿರುವುವು. ಅದರ ತರುವಾಯ ಬಂದ ಪಿಕಿಟ್ ೩ಕ್ಕೆ ಸಂಸ್ಥೆಯ ಈಚಿನ ಸಾಫ್ಟ್‌ವೇರುಗಳಲ್ಲಿ ಆಶ್ರಯ ತಪ್ಪಿದೆ. ಅದನ್ನಿಟ್ಟುಕೊಂಡವರು ಹಳೆಯ ಸಾಫ್ಟ್‌ವೇರನ್ನೇ ಜೋಪಾನ ಮಾಡಬೇಕು. ಪಿಕ್ ಚಿಪ್ಪೇ ಬೇಕೆನ್ನುವವರು ಅದೇ ಸಂಸ್ಥೆಯು ೨೦೧೮ರಲ್ಲಿ ೧೫ ಡಾಲರಿನೊಳಗೆ ತಂದ ಸ್ನ್ಯಾಪ್ ಎಂಬುದನ್ನು ವಿಚಾರಿಸಬಹುದು. ಅದು ಚಿಪ್ಪಿಗೆ ವಿದ್ಯುತ್ತನ್ನು ತಾನು ಕೊಡದೆಂಬುದು ನೆನಪಿರಲಿ. ಒಳಗುಟ್ಟು ಮುಚ್ಚಿದ ವಸ್ತುವಿನ ಬಾಳು ಅನ್ಯರ ಕೈಯಲ್ಲಿರುವುದಕ್ಕೆ ಇನ್ನೊಂದು ನಿದರ್ಶನ: ೨೦೧೪ರ ಅಕ್ಟೋಬರಿನಲ್ಲಿ ಎಫ್.ಟಿ.ಡಿ.ಐ. ಸಂಸ್ಥೆಯ ಹೊಸ ವಿಂಡೋಸ್ ಡ್ರೈವರು, ಆ ಸಂಸ್ಥೆಯ ಹೆಸರಿನಲ್ಲಿ ಬೇರೆಯವರು ತಯಾರಿಸಿದ ಯು.ಎಸ್.ಬಿ. ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ ಅವನ್ನು ನಿಷ್ಕ್ರಿಯಗೊಳಿಸಿತು. ಕಳ್ಳಮಾಲು ಮಾಡಿದವನಿಗೆ ನಷ್ಟವಾಗಲಿಲ್ಲ. ತಿಳಿಯದೆ ಕೊಂಡ ವಿದ್ಯಾರ್ಥಿಯ ಬೋರ್ಡು ಮೂಕವಾಯಿತು. ಅಗ್ಗದ ಬೋರ್ಡನ್ನು ಕೊಳ್ಳುವುದಾದರೆ ಹೆಸರು ಕದ್ದ ಚಿಪ್ಪಿನದಕ್ಕಿಂತ, ಸಿ.ಎಚ್. ೩೪೦ ಎಂದು ತನ್ನದೇ ಹೆಸರು ಹೊತ್ತ ಚಿಪ್ಪಿರುವುದನ್ನು ಆರಿಸಿಕೊಳ್ಳಿರಿ.

ಹೊಸ ಎ.ವಿ.ಆರ್. ಚಿಪ್ಪುಗಳ ವಿಷಯವಾಗಿ ಒಂದು ಮಾತು. ಈಚಿನ ಎಟಿಟೈನಿಗಳಲ್ಲಿಯೂ ಎಟಿಮೆಗಾ ೪೮೦೯ರಲ್ಲಿಯೂ ಆರು ತಂತಿಗಳ ಸಂಪ್ರದಾಯವನ್ನು ಬಿಟ್ಟು, ಯು.ಪಿ.ಡಿ.ಐ. ಎಂಬ ಒಂದೇ ಸಂದೇಶದ ತಂತಿಯ ಹೊಸ ಕ್ರಮವನ್ನು ತಂದಿರುವರು. ಯುಎಸ್‌ಬಿ-ಆಸ್ಪ್ ಇವುಗಳಿಗೆ ಸಲ್ಲದು. ಅದಕ್ಕಾಗಿ ಬೆಲೆಬಾಳುವುದನ್ನು ಕೊಳ್ಳಬೇಕೆಂದೂ ಇಲ್ಲ, ಸಾಮಾನ್ಯ ಯು.ಎಸ್.ಬಿ.-ಸೀರಿಯಲ್ ಹಲಗೆಯೊಂದಕ್ಕೆ ೧ ಕಿಲೋ-ಓಮಿನ ಒಂದು ರೆಸಿಸ್ಟರನ್ನು ಜೋಡಿಸಿದರೆ ಏವಿಆರ್‌ಡ್ಯೂಡಿನ ಹೊಸ ಆವೃತ್ತಿಗಳು ಅದರಿಂದಲೇ ಬರೆಯುವುವು. ಅಂಗಡಿಯಲ್ಲಿ ಚಿಪ್ಪಿನ ಪೂರ್ಣ ಹೆಸರನ್ನು ಬರೆದುಕೊಂಡು ಹೋಗಿ ಕೇಳುವುದು ಇದಕ್ಕಾಗಿಯೇ.

ನಮ್ಮ ಪತ್ರಲೇಖಕರು ಹೀಗೆ ಮಾಡಬಹುದು. ಈ ತಿಂಗಳು ಸಿ.ಎಚ್. ೩೪೦ ಇರುವ ಒಂದು ಯೂನೊ, ಬ್ರೆಡ್‌ಬೋರ್ಡು, ತಂತಿಗಳು, ಬಝರು ಇಷ್ಟನ್ನು ಕೊಡಿಸಲಿ. ಮಗಳು ಬೋರ್ಡಿನ ಮೇಲೆಯೇ ಟ್ಯಾಂಕಿನ ಗಂಟೆಯನ್ನು ನಡೆಯಿಸಿ ತೋರಿಸಲಿ. ಅದು ನಡೆದ ಮೇಲೆ ಎಟಿಟೈನಿ ೮೫ ಎರಡು ಚಿಪ್ಪುಗಳು ಮತ್ತು ಕೆಪಾಸಿಟರೊಂದು ಬರಲಿ, ಯೂನೊವೇ ಪ್ರೋಗ್ರಾಮರಾಗಲಿ. ತಂತಿಗಳನ್ನು ಕಿತ್ತು ಕಟ್ಟುವುದು ಅವಳಿಗೆ ಬೇಸರವೆನಿಸಿದ ದಿನ ಆ ೩೦೦ ರೂಪಾಯಿಯದನ್ನು ಧೈರ್ಯವಾಗಿ ಕೊಳ್ಳಲಿ. ಬೇಸರವಾಗುವಷ್ಟು ಸಲ ಬರೆದವಳ ಕೈಯಲ್ಲಿ ಅದು ಧೂಳು ಹಿಡಿಯದು. ಮನೆಯವರಿಗೆ ಈ ಲೆಕ್ಕವನ್ನು ಮೊದಲೇ ತೋರಿಸಿದರೆ ಉತ್ತರದ ಚಿಂತೆಯೂ ಇರದು.

ಗಂಟೆಯ ತರುವಾಯ ಮೋಟಾರನ್ನೇ ನಿಲ್ಲಿಸುವೆನೆಂದು ಅವಳು ಹೊರಡದಿರಳು. ಬಝರಿನವರೆಗೆ ಎಲ್ಲವೂ ೫ ವೋಲ್ಟಿನ ಆಟ, ಕೈ ತಾಗಿದರೂ ಅಪಾಯವಿಲ್ಲ. ಮೋಟಾರಿನ ತಂತಿಯಲ್ಲಿರುವುದು ೨೩೦ ವೋಲ್ಟು, ಅದೂ ನೀರಿನ ಬಳಿ. ಚಿಪ್ಪಿನ ಕಡೆಯ ಕೆಲಸವನ್ನೆಲ್ಲ ಅವಳು ಮಾಡಲಿ. ರಿಲೇಯಿಂದಾಚೆಯ ಜೋಡಣೆಯನ್ನು ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನರಿಂದ, ಅವಳು ಪಕ್ಕದಲ್ಲಿ ನಿಂತು ನೋಡುತ್ತಿರುವಂತೆ, ಮಾಡಿಸತಕ್ಕದ್ದು. ಎರಡು ಚಿಪ್ಪುಗಳೆಂದು ಹೇಳಿದುದೇಕೆಂದರೆ, ಒಂದು ಬಾಯಿ ಕಟ್ಟಿಕೊಂಡ ದಿನ ತಪ್ಪು ತಂತಿಯಲ್ಲಿದೆಯೋ ಚಿಪ್ಪಿನಲ್ಲಿದೆಯೋ ಎಂಬುದನ್ನು ಇನ್ನೊಂದನ್ನು ಅದೇ ಸ್ಥಳದಲ್ಲಿಟ್ಟು ಒಂದು ನಿಮಿಷದಲ್ಲಿ ತಿಳಿಯಬಹುದು.